ಒಲೆಯ ಬಾಯಿ ಅಳೆಯಲು ನೇಪಾಳಕ್ಕೆ ಹೋದೆ

ಕಮಲಾಪುರ

ಪರದೇಶಕ್ಕೆ ಹೋಗುವವರು ವಿಮಾನ ಹತ್ತಲೇಬೇಕು ಎಂದು ನಮ್ಮೂರಿನ ಜನ ತಿಳಿದಿದ್ದರು. ನಾನು ನಡೆದುಕೊಂಡೇ ಪರದೇಶಕ್ಕೆ ಹೋದೆ. ತಲೆಯ ಮೇಲೆ ಕೆಂಪು ಬಾಳೆಹಣ್ಣಿನ ಬುಟ್ಟಿ ಇತ್ತು, ಹೊಟ್ಟೆಯಲ್ಲಿ ಒಂದು ಸುಳ್ಳು ಇತ್ತು. ಬಾಳೆಹಣ್ಣು ದಾರಿಯಲ್ಲೇ ಮುಕ್ಕಾಲು ಖರ್ಚಾಯಿತು. ಸುಳ್ಳು ಮಾತ್ರ ನನ್ನ ಜೊತೆ ಬೆಟ್ಟ ಹತ್ತಿತು. ಅದನ್ನು ಎಲ್ಲಿ ಇಳಿಸಿದೆ ಎಂದು ಹೇಳಲಿಕ್ಕೇ ಈ ವಯಸ್ಸಿನಲ್ಲಿ ಪೆನ್ನು ಹಿಡಿದಿದ್ದೇನೆ.

ನನ್ನ ಹೆಸರು ಶರಣಪ್ಪ, ಕಸುಬಿನಿಂದ ಗೌಂಡಿ. ಮೆಟ್ರಿಕ್ ಪಾಸಾದ ಮೇಲೆ ಅಪ್ಪನ ಕೈಯ ಕರಣಿ ನನ್ನ ಕೈಗೆ ಬಂತು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮೂರ ಹೆಣ್ಣುಮಕ್ಕಳ ಶಾಲೆಗೆ ಶಾಂತಾಬಾಯಿ ಎಂಬ ಅಕ್ಕೋರು ದಿನಾ ಕಲಬುರ್ಗಿಯಿಂದ ಬಸ್ಸಿನಲ್ಲಿ ಬಂದು ಪಾಠ ಹೇಳಿ ಹೋಗುತ್ತಿದ್ದರು. ಮಳೆಗಾಲದಲ್ಲಿ ಹುಡುಗಿಯರು ಶಾಲೆ ತಪ್ಪಿಸಿ ಉರುವಲು ಆರಿಸಲು ಹೋಗುತ್ತಾರೆಂದು ಅವರಿಗೆ ಬೇಸರ. ನಮ್ಮ ಕಡೆ ತೊಗರಿ ಕಟ್ಟಿಗೆಯೇ ಉರುವಲು. ರಾಶಿ ಮುಗಿದಾಗ ಪ್ರತಿ ಮನೆಯ ಮಾಳಿಗೆ ಮೇಲೂ ಒಟ್ಟಿರುತ್ತದೆ, ಮಿರಗದ ಮಳೆಯ ಹೊತ್ತಿಗೆ ತಳ ಕಾಣುತ್ತದೆ. "ಕಟಗಿ ಹೆಚ್ಚ ಮಾಡೂದು ನಮ್ಮ ಕೈಯಾಗಿಲ್ಲ, ಉಳಸೂದರೆ ಅದ ಅಲ್ಲ?" ಎಂದು ಅಕ್ಕೋರು ಹತ್ತು ಹನ್ನೆರಡು ಹೆಂಗಸರನ್ನೂ ನಮ್ಮಂಥ ನಾಲ್ಕು ಗಂಡಸರನ್ನೂ ರವಿವಾರ ಶಾಲೆಯ ಪಡಸಾಲೆಯಲ್ಲಿ ಕೂಡಿಸಿದರು. ಊರು ಅದಕ್ಕೆ ಒಲೆ ಬಳಗ ಎಂದು ಹೆಸರಿಟ್ಟಿತು.

ಬಳಗದ ಕೆಲಸಗಳು ಸಣ್ಣವು. ಬೇಳೆಗೆ ಒಂದು ಕುದಿ ಬಂದ ಕೂಡಲೇ ಗಡಿಗೆ ಇಳಿಸಿ ಹೊಟ್ಟು ತುಂಬಿದ ಬುಟ್ಟಿಯಲ್ಲಿ ಹೂತಿಟ್ಟರೆ ಬೆಂಕಿಯಿಲ್ಲದೆ ತಾನೇ ಬೇಯುತ್ತದೆ. ಸ್ನಾನದ ನೀರಿನ ಕೊಡಗಳನ್ನು ಬಿಸಿಲಿಗೆ ಇಟ್ಟರೆ ಸಂಜೆಗೆ ಬೆಚ್ಚಗಿರುತ್ತವೆ. ಹಗಲೆಲ್ಲ ಉರಿಯುವ ಬೀದಿದೀಪಗಳನ್ನು ಸರದಿಯಂತೆ ಒಬ್ಬೊಬ್ಬರು ಹೋಗಿ ಆರಿಸಬೇಕು. ನನ್ನ ಸರದಿ ಬಂದಾಗ ಚಹಾದಂಗಡಿಯಲ್ಲಿ ಕೂತವರು, "ಏ ಗೌಂಡಿ, ಉಳಿಸಿದ ಕರೆಂಟ್ ಗಡಿಗ್ಯಾಗ ತುಂಬ್ಕೊಂಡ್ ಮನಿಗಿ ಒಯ್ತೀಯೇನೋ?" ಎಂದು ಚುಡಾಯಿಸುತ್ತಿದ್ದರು.

ನನ್ನ ಪಾಲಿಗೆ ಬಂದ ದೊಡ್ಡ ಕೆಲಸ ಹೊಗೆ ಇಲ್ಲದ ಒಲೆ ಕಟ್ಟುವುದು. ಅದನ್ನು ಕಲಿಯಲು ಬಳಗ ನನ್ನನ್ನು ದಕ್ಷಿಣದ ಒಂದು ಊರಿಗೆ ಹತ್ತು ದಿನ ಕಳಿಸಿತ್ತು. ಅಲ್ಲಿಂದ ಒಂದು ತಗಡಿನ ಅಚ್ಚು ತಂದೆ. ಒಲೆಯ ಬಾಯಿ ಸಣ್ಣದು, ಹಿಂದೆ ಹೊಗೆ ಹೋಗಲು ಕೊಳವೆ. ಕಟ್ಟಿಗೆ ನಿಜವಾಗಿಯೂ ಉಳಿಯುತ್ತಿತ್ತು. ಅಚ್ಚಿಗಿಂತ ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆ ಇಲ್ಲ, ಹಾಗೆ ಓಣಿ ಓಣಿಗೆ ಕಟ್ಟಿದೆ. ಅದು ನನ್ನ ಹೆಮ್ಮೆಯಾಗಿತ್ತು.

ಆದರೆ ಆ ಅಚ್ಚು ಅನ್ನ, ಮುದ್ದೆ ಬೇಯಿಸುವ ಸೀಮೆಯದು. ನಮ್ಮದು ಜೋಳದ ರೊಟ್ಟಿ. ಹಂಚಿನ ಮೇಲೆ ಬೆಂದ ರೊಟ್ಟಿಯನ್ನು ತೆಗೆದು ಒಲೆಯ ಬಾಯಲ್ಲಿ ಕೆಂಡದ ಎದುರು ನಿಲ್ಲಿಸಬೇಕು, ಆಗ ಉಬ್ಬುತ್ತದೆ. ನನ್ನ ಒಲೆಯ ಬಾಯಲ್ಲಿ ರೊಟ್ಟಿ ನಿಲ್ಲಲು ಜಾಗವೇ ಇರಲಿಲ್ಲ. ಹುಟ್ಟಿದಾಗಿನಿಂದ ಅದೇ ರೊಟ್ಟಿ ತಿಂದವನಿಗೆ ಇದು ಹೊಳೆಯಲಿಲ್ಲ. ರೊಟ್ಟಿ ನನ್ನ ತಾಟಿಗೆ ಬಂದು ಬೀಳುವುದನ್ನು ಕಂಡಿದ್ದೆ, ಅದು ಉಬ್ಬುವುದನ್ನು ಕೂತು ನೋಡಿರಲಿಲ್ಲ.

ವರ್ಷದ ಮೇಲೆ ಅಕ್ಕೋರು ನನ್ನ ಕೈಗೆ ಒಂದು ವಹಿ ಕೊಟ್ಟು, "ಶರಣಪ್ಪಾ, ನೀ ಕಟ್ಟಿದ ಒಲಿ ನಡೀತಾವೋ ಇಲ್ಲೋ ಮನಿ ಮನಿಗಿ ಹೋಗಿ ಬರ್ಕೊಂಡ್ ಬಾ" ಎಂದರು. ಹೋದೆ. ಓಣಿಯಲ್ಲಿ ನಿಂತು ಮಾಳಿಗೆ ಕಡೆ ನೋಡಿದೆ. ಕೊಳವೆ ನೆಟ್ಟಗೆ ನಿಂತಿದ್ದರೆ "ಚಾಲೂ ಇದೆ" ಎಂದು ಬರೆದೆ. ಕೆಲವು ಹಿತ್ತಿಲುಗಳಲ್ಲಿ ಬುಟ್ಟಿಯನ್ನು ಡಬ್ಬು, ಅಂದರೆ ಬೋರಲು, ಹಾಕಿದ್ದರು, ಅದರ ಸುತ್ತ ಹೊಸ ಬೂದಿ ಇತ್ತು. ಕಂಡೂ ಮುಂದೆ ನಡೆದೆ. ಬಟ್ಟೆ ಹೊಲಿಯುವ ಹಲೀಮಾಬಿಯ ಮನೆಗೆ ಹೋದ ದಿನ ಜಿಟಿಜಿಟಿ ಮಳೆ. ಆಕೆ ಹಿತ್ತಿಲಲ್ಲಿ ಮೂರು ಕಲ್ಲಿನ ಒಲೆಯ ಮುಂದೆ, ತಲೆಗೆ ಗೋಣಿಚೀಲ ಹೊದ್ದು, ರೊಟ್ಟಿ ಸುಡುತ್ತಿದ್ದಳು. ನಾನು ಬಂದದ್ದು ಆಕೆಗೆ ತಿಳಿಯಲಿಲ್ಲ. ಬೇಲಿಯ ಈಚೆ ನಿಂತು, ವಹಿ ನೆನೆಯದ ಹಾಗೆ ಎದೆಗೆ ಹಿಡಿದು, "ಹಲೀಮಾಬಿ, ಚಾಲೂ ಇದೆ" ಎಂದು ಬರೆದುಕೊಂಡೆ.

ಅಕ್ಕೋರು ಆ ವಹಿಯ ನಕಲು ತೆಗೆದು ಎಲ್ಲೆಲ್ಲಿಗೋ ಕಳಿಸಿದರು. ನೇಪಾಳದ ಬೆಟ್ಟದಲ್ಲಿ ನಮ್ಮಂತೆಯೇ ಒಲೆ ಕಟ್ಟುವ ಹೆಂಗಸರ ಗುಂಪೊಂದಿತ್ತು. ಒಂದು ಒಲೆಯೂ ಕೆಡದ ಊರಿನ ಗೌಂಡಿಯನ್ನು ನೋಡಬೇಕು ಎಂದು ಅವರಿಂದ ಪತ್ರ ಬಂತು.

ಸ್ಟೇಶನ್ ಬಜಾರ

ಅಕ್ಕೋರ ಮನೆ ಕಲಬುರ್ಗಿಯಲ್ಲಿ ಕೋಟೆಯ ಹತ್ತಿರ. ಅವರ ಯಜಮಾನರು ರಾಯರು, ಕಚೇರಿಯಿಂದ ಆಗಷ್ಟೇ ನಿವೃತ್ತರಾದವರು, ನಮ್ಮ ಜೊತೆ ಹೊರಟರು. ತಾವೇ ತುಂಬಿಕೊಂಡ ನೀರಲ್ಲದೆ ಬೇರೆ ಕುಡಿಯದ ಮನುಷ್ಯ. ಎರಡು ತಂಬಿಗೆ ನೀರು, ಒಂದು ಚೀಲ ಅವಲಕ್ಕಿ ಅವರ ಸಾಮಾನು. "ನೇಪಾಳ ಅಂದ್ರ ಹಿಂದೂಗಳ ದೇಶ, ಅಲ್ಲೇ ನೀರು ಕುಡಿಲಿಕ್ಕೆ ಏನಾಗ್ತದ ನಿಮಗ?" ಎಂದು ಅಕ್ಕೋರು ಕೇಳಿದರೆ, "ನೀರಿಗೇನ್ ಗೊತ್ತು ತಾ ಯಾವ ದೇಶದ್ದಂತ?" ಎಂದರು.

ನನ್ನ ಹೆಂಡತಿ ಮಾದೇವಿ ಕಳಿಸಲು ಕಲಬುರ್ಗಿವರೆಗೆ ಬಂದಿದ್ದಳು. ಗಾಡಿಗೆ ಇನ್ನೂ ಹೊತ್ತಿತ್ತು. ಸ್ಟೇಶನ್ ಬಜಾರದಲ್ಲಿ ಬಳೆ ಅಂಗಡಿ ಕಂಡು, ಪರದೇಶಕ್ಕೆ ಹೋಗುವ ಉಮೇದಿನಲ್ಲಿ, "ಬಾ, ಬಳಿ ಇಡಸ್ತೀನಿ" ಎಂದೆ. ಬಳೆಗಾರ ಆಕೆಯ ಎಡಗೈಗೆ ಹಸಿರು ಬಳೆ ಏರಿಸಿ ಬಲಗೈ ಕೇಳಿದ. ಆಕೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬಲಗೈಗಿ ಬ್ಯಾಡ್ರೀ, ಇಷ್ಟೇ ಸಾಕು."

"ಕೈಕೂ ಅಮ್ಮಾ, ಯಾಕ? ಒಂದೇ ಕೈಗ್ ಬಳಿ ಹಾಕ್ಕೊಂಡ್ ಹೋದ್ರ ಜನ ಏನಂತಾರ?"

"ಬ್ಯಾಡಂದ್ನಲ್ಲೋ ತಮ್ಮಾ."

ಬಲಗೈಯಲ್ಲಿ ಆಕೆಗೆ ಒಂದೇ ಬಳೆ ಇತ್ತು, ಅದನ್ನೂ ಮೊಣಕೈ ಕಡೆಗೆ ಏರಿಸಿದ್ದಳು. ಮುಂಗೈಯಿಂದ ಮೇಲೆ ಚರ್ಮ ಕಪ್ಪಗೆ ಗಂಟುಗಂಟಾಗಿತ್ತು. ನಮ್ಮ ಮನೆಯ ಒಲೆಯೇ ಬಳಗದ ಮಾದರಿ ಒಲೆ. ನೋಡಲು ಕಲಬುರ್ಗಿಯಿಂದಲೂ ಜನ ಬರುತ್ತಿದ್ದರು. ಆಕೆ ಹಿತ್ತಿಲಲ್ಲಿ ಬೇರೆ ಒಲೆ ಹೂಡಿರಲಿಲ್ಲ. ಆ ಸಣ್ಣ ಬಾಯೊಳಗೇ ದಿನಾ ಕೈ ತೂರಿಸಿ ರೊಟ್ಟಿ ತಿರುವುತ್ತಿದ್ದಳು, ಕಾದ ಬಳೆ ಸುಡುತ್ತದೆಂದು ತೆಗೆದಿಟ್ಟಿದ್ದಳು. ಇದೆಲ್ಲ ಆ ಅಂಗಡಿಯ ಮುಂದೆ ನನಗೆ ಒಂದೇ ಕ್ಷಣದಲ್ಲಿ ಗೊತ್ತಾಯಿತು ಎಂದರೆ ಸುಳ್ಳು. ಮೊದಲೇ ಗೊತ್ತಿತ್ತು. ಕೇಳಿದರೆ ಒಲೆ ಒಡೆಯಬೇಕಾಗುತ್ತದೆ ಎಂದು ಕೇಳಿರಲಿಲ್ಲ, ಆ ದಿನವೂ ಕೇಳಲಿಲ್ಲ. "ಗಾಡಿ ಬಂತು" ಎಂದೆ. ಗಾಡಿ ಬರಲು ಇನ್ನೂ ಒಂದು ತಾಸಿತ್ತು.

ಸೋನೌಲಿ

ಮೂರು ಗಾಡಿ ಬದಲಿಸಿ, ಒಂದು ಬಸ್ಸು ಹತ್ತಿ, ಗಡಿ ಮುಟ್ಟಿದೆವು. ಗಡಿ ಎಂದರೆ ಕೋಟೆಯಂಥ ಗೋಡೆ ಇರುತ್ತದೆ ಎಂದುಕೊಂಡಿದ್ದೆ. ಒಂದು ಕಮಾನು ಇತ್ತು. ಅದರ ಕೆಳಗೆ ಎಮ್ಮೆ, ಸೈಕಲ್‌ರಿಕ್ಷಾ, ಮದುವೆಯ ಬ್ಯಾಂಡಿನವರು, ಎಲ್ಲರೂ ಅತ್ತಿತ್ತ ನಡೆದಾಡುತ್ತಿದ್ದರು. ನನ್ನನ್ನು ಮಾತ್ರ ತಡೆದರು. ಕಾರಣ ಬಾಳೆಹಣ್ಣು.

ನಮ್ಮ ಕಮಲಾಪುರದ ಬಾಳೆಹಣ್ಣು ಕೆಂಪಗಿರುವುದು ನಮಗೆ ವಿಶೇಷವಲ್ಲ. ಗಡಿಯ ಪೊಲೀಸನಿಗೆ ಅದು ಅನುಮಾನ ತಂದಿತು. ಬೆರಳಿಗೆ ಎಂಜಲು ಹಚ್ಚಿ ಸಿಪ್ಪೆ ಉಜ್ಜಿ ನೋಡಿದ, ಬಣ್ಣ ಬಿಡಲಿಲ್ಲ. ಇನ್ನೊಬ್ಬನನ್ನು ಕರೆದ. ನಾನು ನಮ್ಮ ಕಲಬುರ್ಗಿಯ ಹಿಂದಿಯಲ್ಲಿ, "ಹಮಾರೆ ಗಾಂವ್ ಮೇ ಐಸಾಚ್ ಹೋತಾ ಸಾಬ್, ಶಕ್ ನಕ್ಕೋ ಕರೋ" ಎಂದೆ, ನಮ್ಮೂರಲ್ಲಿ ಹಣ್ಣು ಹೀಗೇ, ಅನುಮಾನ ಬೇಡ ಎಂದು. ಅವರಿಗೆ ನನ್ನ ಮಾತಿನ ಮೇಲೂ ಅನುಮಾನ ಬಂತು. ಕೊನೆಗೆ ರಾಯರು ಒಂದು ಹಣ್ಣು ಸುಲಿದು ತಾವೇ ತಿಂದು ತೋರಿಸಿದರು. ಪೊಲೀಸನೂ ತಿಂದ, ಆಮೇಲೆ ಎಲ್ಲರನ್ನೂ ಕೂಗಿ ಕರೆದ. ಬುಟ್ಟಿಯ ತೂಕ ಬಹಳ ಇಳಿಯಿತು.

ಕಮಾನು ದಾಟಿದ ಮೇಲೆ ಅಂಗಡಿಯ ಗಡಿಯಾರ ನೋಡಿ ಅಕ್ಕೋರು, "ನಮ್ಮಕಿಂತ ಇವರ ವ್ಯಾಳ್ಯಾ ಪಾವು ತಾಸು ಮುಂದ ಅದ" ಎಂದು ಕೈಗಡಿಯಾರ ತಿರುಗಿಸಿದರು. ಇಷ್ಟು ದೂರ ಬಂದದ್ದಕ್ಕೆ ಬರೇ ಪಾವು ತಾಸಿನ, ಹದಿನೈದು ನಿಮಿಷದ, ವ್ಯತ್ಯಾಸವೇ ಎಂದು ನನಗೆ ಸಣ್ಣ ನಿರಾಸೆಯಾಯಿತು. ರಾಯರು ತಮ್ಮದನ್ನು ತಿರುಗಿಸಲಿಲ್ಲ. "ನನ್ನ ಸಂಧ್ಯಾವಂದನಿ ಕಲಬುರ್ಗಿ ವ್ಯಾಳ್ಯಾದಾಗೇ ಆಗೂದು" ಎಂದರು. ಆ ಪ್ರವಾಸ ಮುಗಿಯುವವರೆಗೆ ಗಂಡ ಹೆಂಡತಿ ಬೇರೆ ಬೇರೆ ಹೊತ್ತಿಗೆ ಹಸಿದರು.

ಬೆಟ್ಟದ ಊರು, ಮೊದಲ ದಿನ

ಬಸ್ಸು ಬಿಟ್ಟ ಮೇಲೆ ಕಲ್ಲಿನ ಮೆಟ್ಟಿಲು. ನಮ್ಮ ನಾಡು ಅಂಗೈಯಂಥ ಬಯಲು. ಅಲ್ಲಿ ಪಕ್ಕದ ಮನೆಗೆ ಬೆಂಕಿ ಕೇಳಲು ಹೋಗಬೇಕಾದರೂ ಏರಬೇಕು, ಇಲ್ಲವೇ ಇಳಿಯಬೇಕು. ಮುದುಕಿಯರು ಬೆನ್ನಿಗೆ ಬುಟ್ಟಿ, ಹಣೆಗೆ ಅದರ ಪಟ್ಟಿ ಹಾಕಿಕೊಂಡು ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಮನೆಗಳ ಒಳಗೆ ಹೊಗೆ. ಆದರೆ ಅಲ್ಲಿ ಹೊಗೆಯ ಮೇಲೆ ಸಿಟ್ಟಿಲ್ಲ. ಒಲೆಯ ಮೇಲೆ ಗೋವಿನಜೋಳದ ತೆನೆಗಳನ್ನು ತೂಗುಹಾಕಿರುತ್ತಾರೆ, ಹೊಗೆಗೆ ಹುಳ ಬೀಳುವುದಿಲ್ಲವಂತೆ. ಚಳಿಗೆ ಇಡೀ ಮನೆ ಒಲೆಯ ಸುತ್ತ ಕೂರುತ್ತದೆ. ನಾವು ಬೇಸಿಗೆಯಲ್ಲಿ ಒಲೆಯಿಂದ ಎಷ್ಟು ದೂರ ಓಡುತ್ತೇವೆಂದು ಹೇಳಿದರೆ ನಕ್ಕರು.

ಒಲೆ ಕಟ್ಟುವ ಗುಂಪಿನ ಮುಖ್ಯಸ್ಥೆ ಮನಮಾಯಾ ಎಂಬ ಹೆಂಗಸು. ನನಗಿಂತ ಚಿಕ್ಕವಳು, ಕೈ ಮಾತ್ರ ನನ್ನ ಕೈಯಷ್ಟೇ ಒರಟು. ಭಾರತದ ಸೇನೆಯಲ್ಲಿದ್ದವನ ಮಗಳಾದ್ದರಿಂದ ಹಿಂದಿ ಬರುತ್ತಿತ್ತು. ನನ್ನನ್ನು "ದಾಜು" ಎಂದು ಕರೆದಳು, ಅಂದರೆ ಅಣ್ಣ. ಅಂಗಳದಲ್ಲಿ ಎಲ್ಲರೂ ಕೂತಾಗ ಅಕ್ಕೋರು ನನ್ನ ವಹಿಯನ್ನು ಹಿಂದಿಯಲ್ಲಿ ಓದಿದರು, ಮನಮಾಯಾ ಅದನ್ನು ನೇಪಾಳಿಗೆ ತಿರುಗಿಸಿ ಹೇಳಿದಳು. ಒಂದೊಂದು ಹೆಸರಿಗೂ "ಚಾಲೂ ಇದೆ" ಎಂದು ಬಂದಾಗ ಹೆಂಗಸರು ತಲೆಯಾಡಿಸಿದರು. ಹಲೀಮಾಬಿಯ ಹೆಸರು ಬಂದಾಗ ನಾನು ಚಪ್ಪಲಿ ನೋಡಿಕೊಂಡೆ.

ಓದಿ ಮುಗಿದ ಮೇಲೆ ಮನಮಾಯಾ ನನ್ನ ಹತ್ತಿರ ಬಂದು ಕೂತಳು. ಅವಳ ಹಿಂದಿಯನ್ನು ನನ್ನ ಕನ್ನಡದಲ್ಲಿ ಬರೆಯುತ್ತೇನೆ.

"ದಾಜು, ನಾನು ಕಟ್ಟಿದ ಹತ್ತರಲ್ಲಿ ನಾಲ್ಕು ಒಲೆಗಳನ್ನು ಹೆಂಗಸರೇ ಒಡೆದು ಹಾಕಿದರು. ನಿನ್ನದು ಒಂದೂ ಒಡೆದಿಲ್ಲ. ಹೇಗೆ ಮಾಡಿದೆ? ನನಗೆ ಕಲಿಸು."

ಅವಳು ತನ್ನ ಸೋಲನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಳು. ನಾನು "ನಾಳೆ" ಎಂದೆ.

ಎರಡನೆಯ ದಿನ

ಊರ ತುದಿಯಲ್ಲಿ ಒಬ್ಬ ಮುದುಕಿ. ಎಲ್ಲರೂ ಆಕೆಯನ್ನು ಆಮಾ ಎನ್ನುತ್ತಿದ್ದರು, ಅಂದರೆ ಅವ್ವ. ಆಕೆಯ ಮನೆಗೆ ಒಲೆ ಕಟ್ಟಬೇಕಿತ್ತು. ನಾನು ಚೀಲದಿಂದ ತಗಡಿನ ಅಚ್ಚು ತೆಗೆದೆ. ಮನಮಾಯಾ ಅದನ್ನು ತೆಗೆದು ಹೊಸ್ತಿಲಾಚೆ ಇಟ್ಟಳು.

"ಇವತ್ತು ಮಣ್ಣು ಮುಟ್ಟುವ ಹಾಗಿಲ್ಲ ದಾಜು. ಒಂದು ದಿನ ಕೂರುವುದು. ಆಮಾ ಅಡಿಗೆ ಮಾಡುತ್ತಾಳೆ, ನಾವು ನೋಡುವುದು, ತಿನ್ನುವುದು. ಒಡೆದು ಹೋದ ನಾಲ್ಕು ಒಲೆ ನನಗೆ ಕಲಿಸಿದ್ದು ಇಷ್ಟೇ."

ಕೂತೆವು. ನನ್ನ ಐವತ್ತು ವರ್ಷದ ಬಾಳಿನಲ್ಲಿ ಒಂದು ಅಡಿಗೆಮನೆಯಲ್ಲಿ ಕೆಲಸವಿಲ್ಲದೆ ಅಷ್ಟು ಹೊತ್ತು ಕೂತದ್ದು ಅದೇ ಮೊದಲು. ಆಮಾ ಗೋವಿನಜೋಳದ ಹಿಟ್ಟು ನಾದಿದಳು, ರೊಟ್ಟಿ ತಟ್ಟಿದಳು, ಹಂಚಿಗೆ ಹಾಕಿದಳು. ಆಮೇಲೆ ರೊಟ್ಟಿ ತೆಗೆದು ಕೆಂಡದ ಎದುರು ಒಲೆಯ ಬಾಯಿಗೆ ಒರಗಿಸಿ ನಿಲ್ಲಿಸಿದಳು. ನಮ್ಮ ಮನೆಯಲ್ಲಿ ನಿಲ್ಲಿಸುತ್ತಿದ್ದ ಹಾಗೆಯೇ. ಅದು ಉಬ್ಬಿತು. ಆಕೆ ಕೈ ಚಾಚಿ ತಿರುವಿದಳು. ಕೈ ಚಾಚಿದಾಗಲೆಲ್ಲ ಮುಂಗೈಯ ಗಾಜಿನ ಬಳೆಗಳು ಝಣ್ ಎಂದು ಒಂದರ ಮೇಲೊಂದು ಜಾರುತ್ತಿದ್ದವು, ಹಿಂದಕ್ಕೆ ಎಳೆದಾಗ ಮತ್ತೆ ಝಣ್.

ಆ ಸದ್ದು ನನಗೆ ಪರಿಚಯದ್ದು. ನಮ್ಮ ಮನೆಯಲ್ಲಿ ಬೆಳಿಗ್ಗೆ ನಾನು ಹಾಸಿಗೆಯಿಂದ ಏಳುತ್ತಿದ್ದುದೇ ಆ ಸದ್ದಿಗೆ. ಅದು ಯಾವಾಗ ನಿಂತಿತು? ಮಾದರಿ ಒಲೆ ಕಟ್ಟಿದ ವಾರ ನಿಂತಿತ್ತು.

ಮನಮಾಯಾ ಹಳೆಯ ಒಲೆ ಆರಿಸಿ ತಣಿಯಲು ಬಿಟ್ಟಳು. ಸಂಜೆ ಖಾಲಿ ಒಲೆಯ ಮುಂದೆ ಆಮಾಳನ್ನು ಕೂರಿಸಿ ಕಣ್ಣು ಮುಚ್ಚಲು ಹೇಳಿದಳು. "ರೊಟ್ಟಿ ನಿಲ್ಲಿಸು. ತಿರುವು. ಕಟ್ಟಿಗೆ ಮುಂದೆ ತಳ್ಳು." ಆಮಾ ಕಣ್ಣು ಮುಚ್ಚಿಕೊಂಡು ಗಾಳಿಯಲ್ಲಿ ಅಡಿಗೆ ಮಾಡಿದಳು. ಕೈ ಎಲ್ಲೆಲ್ಲಿ ಹೋಯಿತೋ ಅಲ್ಲಲ್ಲಿ ಮನಮಾಯಾ ಬೂದಿಯಿಂದ ಗುರುತು ಹಾಕಿದಳು. ಒಲೆಯ ಬಾಯಿಗೆ ಅದೇ ಅಳತೆ.

ನಾನು ಎದ್ದು ಹೊರಗೆ ಬಂದೆ. ಮೆಟ್ಟಿಲ ಮೇಲೆ ಅಕ್ಕೋರು, ರಾಯರು ಕೂತಿದ್ದರು.

"ಅಕ್ಕೋರ, ಆ ವಹಿ ಖೋಟಾ ಅದರೀ."

"ಅಗಬಾಯಿ! ಏನಂತಿ?"

"ನಾ ಯಾರ ಮನಿ ಒಳಗೂ ಹೋಗಿಲ್ಲರೀ. ಕೊಳವಿ ನೋಡಿ ಬರದೀನಿ. ಹಲೀಮಾಬಿ ಮಳ್ಯಾಗ ಹಿತ್ತಲದಾಗ ರೊಟ್ಟಿ ಸುಡೂದು ಕಂಡೂ ಬರದೀನಿ. ನಮ್ಮಾಕಿ ಕೈ ಸುಟ್ಟಕೊಂಡಾಳ, ಅದೂ ಗೊತ್ತಿತ್ತರೀ."

ಅಕ್ಕೋರು ಕನ್ನಡಕ ತೆಗೆದರು. ಆಮೇಲೆ, "ನಾನರೆ ಯಾವ ಮನಿ ಒಳಗ ಹೋಗೀನಿ? ನಿನ್ನ ಅಕ್ಷರ ಛಂದ ಅದಾವಂತ ನಂಬಿದೆ" ಎಂದರು. ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ರಾಯರು ತಮ್ಮ ತಂಬಿಗೆಯ ನೀರನ್ನು ನನ್ನ ಬೊಗಸೆಗೆ ಹಾಕಿದರು. ಅವರು ಬೇರೆಯವರಿಗೆ ಆ ನೀರು ಕೊಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುದಿನ ಮನಮಾಯಾಳಿಗೂ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಕಲಸಿದ ಮಣ್ಣಿನ ಮುದ್ದೆ ನನ್ನ ಕೈಗೆ ಕೊಟ್ಟು, "ಹಾಗಾದರೆ ಬಾ, ಇಬ್ಬರೂ ಕಲಿಯೋಣ" ಎಂದಳು. ಆಮಾಳ ಒಲೆಯನ್ನು ಜೊತೆಯಾಗಿ ಕಟ್ಟಿದೆವು. ನನ್ನ ತಗಡಿನ ಅಚ್ಚನ್ನು ಆಮಾ ಕೋಳಿಮರಿ ಮುಚ್ಚಲು ಇಟ್ಟುಕೊಂಡಳು. ಬಹಳ ಗಟ್ಟಿ ಅಚ್ಚು ಅದು, ಈಗಲೂ ಕೋಳಿಮರಿಗಳ ಮೇಲೆ ಇದ್ದೀತು.

ಮತ್ತೆ ಕಮಲಾಪುರ

ಮನೆ ಮುಟ್ಟಿದಾಗ ಮಾದೇವಿ ರೊಟ್ಟಿ ಬಡಿಯುತ್ತಿದ್ದಳು. ಕೈಕಾಲು ತೊಳೆದು ಪಡಸಾಲೆಗೆ ಹೋಗದೆ ಒಲೆಯ ಹತ್ತಿರ ಮಣೆ ಹಾಕಿಕೊಂಡು ಕೂತೆ.

"ಇಲ್ಯಾಕ ಕುಂತ್ರಿ? ಹಸದೀರೇನು?"

"ಇಲ್ಲ. ನೋಡ್ತೀನಿ."

"ಏನ್ ನೋಡ್ತೀರಿ? ಪರದೇಶಕ್ಕ ಹೋಗಿ ಬಂದು ರೊಟ್ಟಿ ನೋಡ್ತಾರೇನ್ರೀ ಯಾರರೆ?"

ನಕ್ಕಳು. ಆದರೆ ರೊಟ್ಟಿ ತಿರುವುವ ಹೊತ್ತು ಬಂದಾಗ ನನ್ನ ಕಡೆ ಬೆನ್ನು ಮಾಡಿದಳು. ನಾನು ಎದ್ದು ಆ ಮಗ್ಗುಲಿಗೆ ಹೋಗಿ ಕೂತೆ. ಒಲೆಯ ಬಾಯಿಯ ಅಂಚು ಆಕೆಯ ಕೈಗೆ ತಾಗುವುದನ್ನು ಕಣ್ಣಾರೆ ಕಂಡೆ. ಆರು ರೊಟ್ಟಿ ಆಗುವವರೆಗೆ ಕೂತಿದ್ದೆ. ಹೆಚ್ಚೆಂದರೆ ಪಾವು ತಾಸು.

"ಯಾಕ ಹಿತ್ತಲದಾಗ ಒಂದು ಒಲಿ ಹೂಡ್ಕೋಲಿಲ್ಲ ಮಾದೇವಿ? ಎಲ್ಲಾರೂ ಹೂಡ್ಕೊಂಡಾರ."

"ನಿಮ್ಮ ಒಲಿ ನೋಡಾಕ ಎಲ್ಲೆಲ್ಲಿಂದೋ ಮಂದಿ ಬರ್ತಿದ್ರು. ಗೌಂಡಿ ಹೆಣ್ತಿನೇ ಹಿತ್ತಲದಾಗ ಕುಂತ್ರ ನಿಮಗೇನಂತಿದ್ರು?"

ನಾನು ಆಕೆಯ ಮುಂಗೈ ಹಿಡಿದೆ. "ಬಿಡ್ರೀ, ಹಿಟ್ಟಿನ ಕೈ ಅದ" ಎಂದಳು. ಬಿಡಲಿಲ್ಲ. "ತಪ್ಪಾತು" ಎಂದೆ. ಆಕೆ ಒಲೆ ಕಡೆ ನೋಡಿ, "ಮದಲ ಅದನ್ನ ಒಡೀರಿ" ಎಂದಳು.

ಅದೇ ದಿನ ಒಡೆದೆ. ಮರುದಿನ ಆಕೆಯನ್ನು ಕಣ್ಣು ಮುಚ್ಚಿ ಕೂರಿಸಿ, ರೊಟ್ಟಿ ತಿರುವಲು ಹೇಳಿ, ಕೈ ಹೋದಲ್ಲೆಲ್ಲ ವಿಭೂತಿಯಿಂದ ಗುರುತು ಹಾಕಿದೆ. "ಈ ವಯಸ್ಸಿನಾಗ ಕಣ್ಣು ಮುಚ್ಚಂತೀರಿ, ಮಂದಿ ಕಂಡ್ರ ಏನ್ ತಿಳಕೊಂಡಾರು" ಎಂದು ಆಕೆ ಒಳಗೊಳಗೇ ನಗುತ್ತಿದ್ದಳು. ಬಾಯಿ ಅಗಲ ಮಾಡಿ, ಕೊಳವೆ ಹಾಗೇ ಉಳಿಸಿಕೊಂಡು, ಮುಂದೆ ಕೆಂಡ ಎಳೆದುಕೊಳ್ಳಲು ಒಂದು ಕಟ್ಟೆ ಕಟ್ಟಿದೆ. ಕಟ್ಟಿಗೆ ಮೊದಲಿನಷ್ಟು ಉಳಿಯಲಿಲ್ಲ, ಆದರೂ ಉಳಿಯಿತು.

ರವಿವಾರ ಬಳಗದ ಮುಂದೆ ವಹಿ ಇಟ್ಟು, ಯಾರ ಮನೆಯೊಳಗೂ ಹೋಗದೆ ಬರೆದದ್ದು ಎಂದು ಹೇಳಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಒಬ್ಬಾಕೆ ಅಂದಳು:

"ನೀವು ಬರೂದು ಕಂಡ ಕೂಡ್ಲೇ ಹಿತ್ತಲದ ಒಲಿ ಮ್ಯಾಲ ಬುಟ್ಟಿ ಡಬ್ಬ್ ಹಾಕ್ತಿದ್ವಿ ಕಾಕಾ. ಪಾಪ, ಗೌಂಡಿ ಮನಸ್ಸಿಗಿ ಬ್ಯಾಸರಾದೀತಂತ. ಬುಟ್ಟಿ ಕಂಡಿರಲಿಲ್ಲೇನು?"

"ಕಂಡಿದ್ದೆನವ್ವಾ."

ನಗು ನಿಂತಿತು. ಹಲೀಮಾಬಿ ಕೇಳಿದಳು: "ನಾ ಬಾರಿಶ್‌ನಾಗ ಕುಂತಿದ್ದು ಭೀ?"

"ಅದೂ ಕಂಡಿದ್ದೆ."

"ಕಂಡ್ ಭೀ ಬರದ್ರಿ ಕ್ಯಾ ಗೌಂಡಿ ಸಾಬ್?"

ಯಾರೂ ನನ್ನ ಪರವಾಗಿ ಮಾತಾಡಲಿಲ್ಲ, ಮಾತಾಡದಿದ್ದದ್ದೇ ಒಳ್ಳೆಯದಾಯಿತು. ಮರುದಿನ ಕರ್ಚಿಫಿನಲ್ಲಿ ವಿಭೂತಿ ಕಟ್ಟಿಕೊಂಡು ಮೊದಲು ಆಕೆಯ ಮನೆಗೇ ಹೋದೆ. ಬಾಗಿಲಲ್ಲಿ ನಿಂತು, "ಇವತ್ತು ಇಡೀ ದಿನ ನಿನ್ನ ಅಡಗಿಮನ್ಯಾಗ ಕೂಡ್ತೀನಿ, ಒಪ್ಪಿಗಿ ಅದೇನವ್ವಾ?" ಎಂದೆ. ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಬರ್ರಿ. ಖಾರ ಜಾಸ್ತಿ ಅದ ನಮ್ಮಲ್ಲಿ" ಎಂದಳು. ಜಾಸ್ತಿಯೇ ಇತ್ತು. ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೆ ಎಂದು ಆಕೆ ತಿಳಿದಳು, ನಾನೂ ಹಾಗೇ ಇರಲಿ ಎಂದು ಬಿಟ್ಟೆ. ಮನೆಗೆ ಒಂದು ದಿನ ಕೂತು, ಮನೆಗೆ ಒಂದು ಅಳತೆಯಂತೆ ಎಲ್ಲ ಒಲೆಗಳನ್ನೂ ಒಡೆದು ಕಟ್ಟಿ ಮುಗಿಸುವಾಗ ಮತ್ತೊಂದು ತೊಗರಿ ರಾಶಿ ಬಂದಿತ್ತು. "ಗೌಂಡಿ ಇವತ್ತ್ ಯಾರ ಮನ್ಯಾಗ ಊಟಾ?" ಎಂದು ಚಹಾದಂಗಡಿಯವರು ಕೇಳುತ್ತಿದ್ದರು.

ಮತ್ತೆ ಸ್ಟೇಶನ್ ಬಜಾರ

ಆ ರಾಶಿ ಮುಗಿದ ಮೇಲೆ ಮಾದೇವಿಯನ್ನು ಕಲಬುರ್ಗಿಗೆ ಕರೆದುಕೊಂಡು ಹೋದೆ. ಅದೇ ಬಳೆ ಅಂಗಡಿ. ಬಳೆಗಾರನಿಗೆ ಗುರುತು ಸಿಕ್ಕಿತು.

"ಆವತ್ತ್ ಒಂದೇ ಕೈಗ್ ಹಾಕ್ಕೊಂಡ್ ಹೋಗಿದ್ರಿ ನೋಡ್ರಿ ಅಮ್ಮಾ!"

ಆಕೆ ತಾನಾಗಿ ಬಲಗೈ ಮುಂದೆ ಚಾಚಿದಳು. ಬಳೆಗಾರ ಹಸಿರು ಬಳೆ ಹಿಡಿದವನು ಮುಂಗೈ ಕಂಡು ಕೈ ತಡೆದ.

"ಅರೇ, ಇದೇನಾಯ್ತ್ ಅಮ್ಮಾ? ಸುಟ್ಟದ್ದೇನು?"

"ಏನಿಲ್ಲೋ ತಮ್ಮಾ. ಒಲಿ ಹಳೇದಿತ್ತು."

"ಇಲ್ಲಪಾ," ಎಂದೆ. "ಒಲಿ ಹೊಸಾದಿತ್ತು. ನಾನೇ ಕಟ್ಟಿದ್ದು."

ಅಂಗಡಿಯಲ್ಲಿದ್ದ ಇನ್ನಿಬ್ಬರು ಹೆಂಗಸರು ನನ್ನ ಕಡೆ ನೋಡಿದರು. ಮಾದೇವಿ ಎಡಗೈಯಿಂದ ನನ್ನ ತೊಡೆ ಚಿವುಟಿ, "ಅವಗ್ಯಾಕ ಹೇಳ್ತೀರಿ ಅದೆಲ್ಲಾ" ಎಂದಳು. ಬಳೆಗಾರ ಆಕೆಯ ಬೆರಳುಗಳನ್ನು ಒತ್ತಿ, ಆ ಕಪ್ಪು ಗುರುತುಗಳಿಗೆ ತಾಗದ ಹಾಗೆ, ಒಂದೊಂದೇ ಬಳೆಯನ್ನು ನಿಧಾನವಾಗಿ ಏರಿಸಿದ.

ಊರಿಗೆ ಬರುವ ಬಸ್ಸಿನಲ್ಲಿ ಕೂರಲು ಜಾಗ ಸಿಗಲಿಲ್ಲ. ಆಕೆ ಬಲಗೈಯಲ್ಲಿ ಮೇಲಿನ ಕಂಬಿ ಹಿಡಿದು ನಿಂತಳು. ನಮ್ಮ ರಸ್ತೆಯ ಗುಂಡಿಗಳು ಎಲ್ಲರಿಗೂ ಗೊತ್ತು. ಕಮಲಾಪುರ ಬರುವವರೆಗೆ ಬಳೆಗಳು ಝಣ್ ಎನ್ನುತ್ತಲೇ ಇದ್ದವು.